ಓಸ್ತಿ ಎಣಿಸಿದ ಹತ್ತು ವರ್ಷ

ಮುಂದಿನ ತಿಂಗಳು ನಾಲ್ವರು ಹೊಸಬರು ಖಾನಾಪುರದ ನಮ್ಮ ಧರ್ಮಕೇಂದ್ರದಲ್ಲಿ, ಊರೂರಿಗೆ ಹೋಗಿ ವಾಕ್ಯ ಓದಿಸಿ ಧರ್ಮ ಕಲಿಸುವ ಉಪದೇಶಿಗಳಾಗಿ ಸೇರುತ್ತಿದ್ದಾರೆ. ಇದನ್ನು ಅವರಿಗಾಗಿ ಬರೆಯುತ್ತಿದ್ದೇನೆ. ತರಬೇತಿಯಲ್ಲಿ ನಿಮಗೆ ಧರ್ಮಸಭೆಯ ಬೋಧನೆಯನ್ನೆಲ್ಲ ಕಲಿಸಿದ್ದಾರೆ. ಬೀಡಿ ಊರಿಗೆ ಹೋಗುವ ಬಸ್ಸು ಯಾವ ಭಾನುವಾರ ಕೈಕೊಡುತ್ತದೆ, ಬೈಬಲಿನ ವಾಚನ ಓದುವವರಿಗೆ ಕನ್ನಡಕ ಮರೆತುಹೋದರೆ ಏನು ಮಾಡಬೇಕು, ಜನ ತೂಕಡಿಸಿದರೆ ತಪ್ಪು ಯಾರದು, ಇವನ್ನು ಕಲಿಸಿಲ್ಲ. ನನಗೂ ಕಲಿಸಿರಲಿಲ್ಲ.

ನಾನು ನಿವೃತ್ತಳಾದೆ ಎಂದರೆ ಬೆಳಗಾವಿಯ ಅನಗೋಳದ ನಮ್ಮ ಓಣಿಯಲ್ಲಿ ಎಲ್ಲರೂ ನಗುತ್ತಾರೆ. ನನಗಿನ್ನೂ ಮೂವತ್ನಾಲ್ಕು. ಆದರೆ ನಮ್ಮ ಧರ್ಮಕೇಂದ್ರದಲ್ಲಿ ಈ ಕೆಲಸ ಒಬ್ಬರಿಗೆ ಹತ್ತೇ ವರ್ಷ. ಆಮೇಲೆ ಬೇರೆಯವರಿಗೆ ಬಿಟ್ಟುಕೊಡಬೇಕು. ನನ್ನ ಹತ್ತು ಮುಗಿದವು. ಶಾಲು ಹೊದಿಸಿದರು, ಫೋಟೊ ತೆಗೆದರು. ಮನೆಗೆ ಬಂದು ನೋಡಿದರೆ ನನ್ನ ಬಳಿ ಉಳಿದಿದ್ದು ಹನ್ನೊಂದು ನೋಟ್‌ಬುಕ್ಕು.

ಅವುಗಳಲ್ಲಿ ಎಲ್ಲವೂ ಇದೆ. ಯಾವ ಭಾನುವಾರ ಯಾವ ವಾಚನ, ಯಾರು ಓದಿದರು, ಎಲ್ಲಿ ತಡವರಿಸಿದರು, ಹಾಡು ಎಷ್ಟು ನಿಮಿಷ ತಡವಾಗಿ ಶುರುವಾಯಿತು. ನನ್ನ ಮಾತಿನ ನಡುವೆ ನಿದ್ದೆಹೋದವರ ಲೆಕ್ಕವೂ ಇದೆ: ಇನ್ನೂರ ಹದಿನಾಲ್ಕು. ಅದರಲ್ಲಿ ಇನ್ನೂರು ಮೊದಲ ಮೂರು ವರ್ಷದವು. ಯಾಕೆ ಎಂದು ಮುಂದೆ ಹೇಳುತ್ತೇನೆ.

ಮೊದಲು ನನ್ನ ಮೊದಲ ತಪ್ಪು. ಕೆಲಸಕ್ಕೆ ಸೇರಿದ ವರ್ಷ, ಕ್ರಿಸ್ಮಸ್ಸಿಗೆ ನಾಲ್ಕು ವಾರ ಮೊದಲಿನ, ಆಗಮನ ಕಾಲದ ಮೊದಲ ಭಾನುವಾರ. ನಮ್ಮ ವಾಚನ ಗ್ರಂಥಗಳು ಮೂರು ವರ್ಷದ ಸುತ್ತಿನಲ್ಲಿ ತಿರುಗುತ್ತವೆ. ಒಂದೊಂದು ವರ್ಷಕ್ಕೆ ಒಂದೊಂದು ಸಂಪುಟ. ಹೊಸ ಸಂಪುಟ ತೆರೆಯುವುದು ಹೊಸ ವರ್ಷಕ್ಕೆ ಎಂದು ನನಗೆ ಗೊತ್ತಿತ್ತು. ಹೊಸ ವರ್ಷ ಎಂದರೆ ನನ್ನ ತಲೆಯಲ್ಲಿ ಜನವರಿ. ಹಿಂದಿನ ಸಂಜೆಯೇ ಹಳೆಯ ಸಂಪುಟದಲ್ಲಿ ಕೆಂಪು ದಾರ ಇಟ್ಟು, ಬೆಳಿಗ್ಗೆ ಪೀಠದ ಬಲಕ್ಕೆ ನಿಂತು ಕಳೆದ ವರ್ಷದ ಮೊದಲನೇ ವಾಚನವನ್ನು ಗಟ್ಟಿಯಾಗಿ, ಒಂದು ಅಕ್ಷರವೂ ತಪ್ಪದಂತೆ ಓದಿದೆ. ಯಾರಿಗೂ ಗೊತ್ತಾಗಲಿಲ್ಲ. ಶುಭಸಂದೇಶ ಓದಲು ಫಾದರ್ ಲಿಯೋ ಎದ್ದುಬಂದು ಪುಟ ನೋಡಿದರು, ನನ್ನನ್ನು ನೋಡಿದರು, ಗ್ರಂಥ ಮುಚ್ಚಿ ಒಳಗೆ ಹೋಗಿ ಇನ್ನೊಂದನ್ನು ತಂದರು.

ಫಾದರ್ ಲಿಯೋ ನನ್ನ ಮೊದಲ ಮೇಲಧಿಕಾರಿ, ಕರಾವಳಿಯವರು, ಅರವತ್ತು ದಾಟಿದವರು. ಪೂಜೆ ಮುಗಿದ ಮೇಲೆ ಬಯ್ಯುತ್ತಾರೆಂದು ನಾನು ಮೂಲೆಯಲ್ಲಿ ನಿಂತಿದ್ದೆ.

"ಅಲ್ಲ ಮಾರಾಯ್ತಿ, ನಮ್ಮ ಹೊಸ ವರ್ಷ ಇವತ್ತು. ಕ್ಯಾಲೆಂಡರ್ ಮಾರುವವನು ನಮ್ಮನ್ನು ಕೇಳಿ ಜನವರಿ ಇಟ್ಟದ್ದಲ್ಲ," ಎಂದರು. ಆಮೇಲೆ, ತಪ್ಪನ್ನು ನೋಟ್‌ಬುಕ್ಕಿನಲ್ಲಿ ಬರೆದೆಯಾ ಎಂದು ಕೇಳಿದರು. ಬರೆದಿದ್ದೆ. ಹಾಗಾದರೆ ಚಹಾ ಕುಡಿ ಎಂದರು. ಅಷ್ಟೇ. ಆ ಚಹಾದ ರುಚಿ ಈಗಲೂ ನೆನಪಿದೆ, ಏಲಕ್ಕಿ ಹಾಕಿದ್ದರು.

ಇನ್ನು ನಿದ್ದೆಯ ಲೆಕ್ಕ. ಬೀಡಿಯಿಂದ ಮೂರು ಕಿಲೋಮೀಟರ್ ಒಳಗೆ ಒಂದು ಚಿಕ್ಕ ಊರಿದೆ. ಹೆಸರು ಬರೆಯುವುದಿಲ್ಲ, ಅಲ್ಲಿಯವರಿಗೆ ಸಂಕೋಚವಾಗುತ್ತದೆ. ಅಲ್ಲಿ ಕಥೋಲಿಕರ ಮನೆ ಏಳು. ಚರ್ಚ್ ಇಲ್ಲ. ಈರಣ್ಣ ಕಾಕಾ ಎಂಬ ರೈತರು ತಮ್ಮ ಮನೆಯ ಬಾಜುವಿನ, ಜೋಳದ ಚೀಲ ಇಡುವ ಕೋಣೆಯನ್ನು ತಿಂಗಳಿಗೆ ಎರಡು ಸಲ ನಮಗಾಗಿ ಖಾಲಿ ಮಾಡಿಕೊಡುತ್ತಿದ್ದರು: ಎರಡನೇ ಭಾನುವಾರ ಗುರುಗಳು ಬಂದು ರೊಟ್ಟಿ, ದ್ರಾಕ್ಷಾರಸದ ಬಲಿಪೂಜೆ ಅರ್ಪಿಸಲು, ನಾಲ್ಕನೇ ಭಾನುವಾರ ನಾನೊಬ್ಬಳೇ ಹೋಗಿ ವಾಕ್ಯ ಚಿಂತನೆ ನಡೆಸಲು. ಕಾಕಾ ಬಸವಣ್ಣನವರ ದಾರಿಯಲ್ಲಿ ನಡೆಯುವವರು. ಎದೆಯ ಮೇಲೆ ಇಷ್ಟಲಿಂಗವಿರುವಂತೆಯೇ ನಮ್ಮ ಪೀಠಕ್ಕೆ ಮೇಜು ಹೊತ್ತು ತರುತ್ತಿದ್ದರು. ನಾನು ಒಮ್ಮೆ ಬಹಳ ಉಪಕಾರವಾಯಿತು ಎಂದಾಗ, ಮನೆಯ ಬಾಜುವಿನಲ್ಲಿ ದಾಸೋಹ ನಡೆದರೆ ಯಾರಾದರೂ ಬೇಡವೆನ್ನುತ್ತಾರೆಯೇ ಎಂದು ನನಗೇ ಕೇಳಿದರು.

ಆ ಊರಿಗೆ ಹಿರಿಯರು ನತಾಲಿನ ಆಯಿ. ಎಪ್ಪತ್ತು ದಾಟಿದವರು, ಎರಡೂ ಮೊಣಕಾಲು ಹೋಗಿವೆ, ನಾಲಿಗೆ ಮಾತ್ರ ಬಹಳ ಗಟ್ಟಿ. ಸಾಲಿ ಕಲಿತವರಲ್ಲ. ಮೊದಲ ಮೂರು ವರ್ಷ ನಾಲ್ಕನೇ ಭಾನುವಾರಗಳಲ್ಲಿ ನಾನು ವಾಚನ ಓದಿ, ಆಮೇಲೆ ಅದರ ಮೇಲೆ ಇಪ್ಪತ್ತೈದು ನಿಮಿಷ ಮಾತಾಡುತ್ತಿದ್ದೆ. ಹಿನ್ನೆಲೆ, ಮೂರು ಅಂಶ, ಒಂದು ಉದಾಹರಣೆ, ಕೊನೆಗೆ ಒಂದು ಸಂಕಲ್ಪ. ಜನ ಶಾಂತವಾಗಿ ನಿದ್ದೆ ಮಾಡುತ್ತಿದ್ದರು. ಒಂದು ದಿನ ನಾನು ಮುಗಿಸಿ ಬೆವರು ಒರೆಸಿಕೊಳ್ಳುವಾಗ ಆಯಿ ಹೇಳಿದರು:

"ಅಕ್ಕಾರ, ನೀವ್ ಹೇಳಿದ್ದು ಭಾಳ ಚಲೋ ಆತು. ಈಗ ದೇವ್ರು ಏನ್ ಹೇಳಿದ್ದ, ಅದನ್ನ ಇನ್ನೊಮ್ಮೆ ಓದ್ರಿ. ನಡುವ ಮರತೋತು."

ಕೋಣೆಯೆಲ್ಲ ನಕ್ಕಿತು. ಮತ್ತೆ ಓದಿದೆ. ಓದಿ ಸುಮ್ಮನೆ ಕೂತೆ, ಏನು ಹೇಳಬೇಕೆಂದು ತೋಚದೆ. ಆ ಮೌನದಲ್ಲಿ ಹಿಂದೆ ಕುಳಿತ ಒಬ್ಬರು ತಮ್ಮ ಮನಸ್ಸಿಗೆ ತಾಗಿದ ಒಂದು ಪದ ಹೇಳಿದರು. ಇನ್ನೊಬ್ಬರು ಇನ್ನೊಂದು. ನಾನು ಬರೆದುಕೊಳ್ಳುವುದನ್ನೂ ಮರೆತು ಕೇಳುತ್ತಿದ್ದೆ. ಮೂರು ವರ್ಷ ನಾನು ಮುಚ್ಚಿಟ್ಟಿದ್ದ ಬಾಗಿಲು ಅದು. ಅಂದಿನಿಂದ ನಮ್ಮ ಪದ್ಧತಿ ಬದಲಾಯಿತು: ವಾಚನ ಮೂರು ಸಲ, ಮೂವರು ಬೇರೆ ಬೇರೆ ಓದುವವರು, ನಡುವೆ ಮೌನ, ಆಮೇಲೆ ಯಾರು ಬೇಕಾದರೂ ಮಾತಾಡಬಹುದು, ಉಪದೇಶಿ ಕೊನೆಗೆ. ಹೊಸಬರೇ, ಇದೊಂದನ್ನು ನೆನಪಿಡಿ. ನೀವು ಕೊನೆಗೆ. ನಿಮ್ಮ ಸರದಿ ಬರುವಷ್ಟರಲ್ಲಿ ಹೇಳಬೇಕಾದ್ದು ಬಹುತೇಕ ಹೇಳಿಯಾಗಿರುತ್ತದೆ.

ಒಂದು ನಾಲ್ಕನೇ ಭಾನುವಾರವನ್ನು ನಾನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಅಂದು ಓದಿದ್ದು ಸರೆಪ್ತ ಊರಿನ ವಿಧವೆಯ ಕಥೆ. ಬರಗಾಲ. ಪ್ರವಾದಿ ಎಲೀಯ ಆ ಊರಿಗೆ ಬರುತ್ತಾನೆ. ಊರ ಬಾಗಿಲಲ್ಲಿ ಸೌದೆ ಆರಿಸುತ್ತಿದ್ದ ಹೆಂಗಸಿಗೆ ನೀರು ಕೇಳುತ್ತಾನೆ, ಹಾಗೆಯೇ ರೊಟ್ಟಿಯನ್ನೂ ಕೇಳುತ್ತಾನೆ. ಅವಳ ಹತ್ತಿರ ಇರುವುದು ಒಂದು ಹಿಡಿ ಹಿಟ್ಟು, ಸ್ವಲ್ಪ ಎಣ್ಣೆ. ತನಗೂ ಮಗನಿಗೂ ಕೊನೆಯ ಊಟ ಬೇಯಿಸಲು ಎರಡು ಕಟ್ಟಿಗೆ ಆರಿಸುತ್ತಿದ್ದೇನೆ ಎನ್ನುತ್ತಾಳೆ. ಹೆದರಬೇಡ, ಮೊದಲು ನನಗೊಂದು ಚಿಕ್ಕ ರೊಟ್ಟಿ ಮಾಡಿ ತಾ ಎನ್ನುತ್ತಾನೆ ಅವನು. ಅವಳು ಮಾಡಿಕೊಡುತ್ತಾಳೆ. ಮಳೆ ಬರುವವರೆಗೆ ಮಡಕೆಯ ಹಿಟ್ಟು ಮುಗಿಯುವುದಿಲ್ಲ.

ಮೂರನೇ ಓದು ಮುಗಿದ ಮೇಲೆ ಮೊದಲು ಬಾಯಿ ಬಿಟ್ಟದ್ದು ಪಾವಲು ಎಂಬುವನ ಹೆಂಡತಿ. ಪಾವಲು ನತಾಲಿನ ಆಯಿಯ ತಂಗಿಯ ಮಗ, ಊರಿನ ಹಾಡಿನ ತಂಡಕ್ಕೆ ಅವನೇ ಮುಂದಾಳು.

"ಮೊದಲ ನನಗ ಮಾಡಿ ತಾ ಅಂದನಲ್ರಿ, ಥೇಟ್ ನಮ್ಮ ಮನಿಯವರಗತೆನ ಅದಾನ," ಎಂದಳು.

"ನಾ ಯಾವಾಗ ಹಂಗ ಕೇಳೀನಿ?" ಎಂದ ಪಾವಲು.

"ಇವತ್ತ ಮುಂಜಾನಿ."

ನಗು ತಣ್ಣಗಾಗಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಆಯಿ ನಿಧಾನವಾಗಿ ಮಾತು ತೆಗೆದರು. ಆ ಹೆಂಗಸು ಏನೂ ತಿಳಿಯದೆ ಕೊಟ್ಟವಳಲ್ಲ, ಅವಳಿಗೆ ಎಲ್ಲ ಲೆಕ್ಕ ಗೊತ್ತಿತ್ತು, ಹಿಟ್ಟು ಎಷ್ಟು, ಕಟ್ಟಿಗೆ ಎಷ್ಟು, ಎಷ್ಟು ಹೊತ್ತಿನ ಊಟ ಎಂದು ಬಾಯಿಬಿಟ್ಟು ಹೇಳಿದ್ದಾಳೆ ಎಂದರು. "ಎಣಿಸಿ ನೋಡಿ ಕೊಟ್ಲು ನೋಡ್ರಿ ಆಕಿ. ಅದಕ್ಕ ಅದು ದೊಡ್ಡದು."

ನನಗೆ ಎದ್ದು ಕುಣಿಯಬೇಕೆನಿಸಿತು. ಅಲ್ಲಿಯವರೆಗೆ ನನ್ನ ಎಣಿಕೆಯ ಚಟವೇ ನನ್ನ ವಿಶ್ವಾಸದ ಕೊರತೆ ಎಂದುಕೊಂಡಿದ್ದೆ. ದೇವರಲ್ಲಿ ಭರವಸೆ ಇಡುವವರು ಲೆಕ್ಕ ಇಡುವುದಿಲ್ಲ, ನನ್ನಂಥವರು ಇಡುತ್ತಾರೆ ಎಂದು. ಇಲ್ಲಿ ನೋಡಿದರೆ ಆ ಹೆಂಗಸು ನನ್ನ ಜಾತಿಯವಳು. ಮಡಕೆಯೊಳಗೆ ಇಣುಕಿ ನೋಡಿದವಳು. ಅದು ಮುಗಿಯುತ್ತಿದೆ ಎಂದು ಚೆನ್ನಾಗಿ ತಿಳಿದೇ ಹಸಿದವನಿಗೆ ಮೊದಲು ಬಡಿಸಿದಳು. ನನಗೂ ಈ ದಾರಿಯಲ್ಲಿ ಜಾಗ ಇದೆ ಎಂದು ಅಂದು ಮೊದಲ ಬಾರಿಗೆ ಅನಿಸಿತು.

ಬಾಗಿಲ ಬಳಿ ಕುಳಿತು ಕೇಳುತ್ತಿದ್ದ ಈರಣ್ಣ ಕಾಕಾ, ಆ ಹೆಣ್ಣುಮಗಳು ನಿಮ್ಮ ಪೈಕಿಯೇ ಏನು ಎಂದು ಕೇಳಿದರು. ಅಲ್ಲ, ಪ್ರವಾದಿಯ ಜನಕ್ಕೆ ಸೇರದ ಬೇರೆ ನಾಡಿನವಳು ಎಂದೆ.

"ಅಂದ್ರ ಬ್ಯಾರೆ ಮಂದಿ ಮನ್ಯಾಗ ಉಂಡು ಬದುಕ್ಯಾನ ನಿಮ್ಮ ಪ್ರವಾದಿ. ಚಲೋ ಮನಷಾ," ಎಂದು ಚಹಾ ಹೇಳಲು ಎದ್ದು ಒಳಗೆ ಹೋದರು.

ಇಷ್ಟೆಲ್ಲ ಸಂಭ್ರಮದಿಂದ ಬರೆದವಳು ಈಗ ನನ್ನ ದೊಡ್ಡ ತಪ್ಪನ್ನು ಬರೆಯಬೇಕು. ಅದಕ್ಕೆ ಮೊದಲು ಒಂದು ಪದ್ಧತಿಯನ್ನು ಹೇಳಬೇಕು. ಬಲಿಪೂಜೆಗೆ ಒಯ್ಯುವ ತೆಳುವಾದ ಬಿಳಿ ರೊಟ್ಟಿಗೆ ನಾವು ಓಸ್ತಿ ಎನ್ನುತ್ತೇವೆ. ಬೆಳಗಾವಿಯ ಕೋಟೆಯ ಆಚೆ ಒಂದು ಕನ್ಯಾಮಠದ ಸಿಸ್ಟರುಗಳು ಅದನ್ನು ಮಾಡುತ್ತಾರೆ, ತಿಂಗಳಿಗೊಮ್ಮೆ ಡಬ್ಬಿಯಲ್ಲಿ ತರುತ್ತಿದ್ದೆ. ಪೂಜೆಯಲ್ಲಿ ಗುರುಗಳು ಅರ್ಪಿಸಿದ ಮೇಲೆ ಓಸ್ತಿಯೇ ಪರಮಪ್ರಸಾದವಾಗುತ್ತದೆ, ನಮಗೆ ಅದು ಕ್ರಿಸ್ತನ ದೇಹ. ಆ ಊರಿನ ಕೋಣೆಯಲ್ಲಿ ಮಿಕ್ಕ ಪರಮಪ್ರಸಾದವನ್ನು ಉಳಿಸಿಡಲು ಜಾಗವಿಲ್ಲ. ಆದ್ದರಿಂದ ಬಾಗಿಲ ಬಳಿ ಸ್ಟೂಲಿನ ಮೇಲೆ ಓಸ್ತಿಯ ಡಬ್ಬಿ, ಒಂದು ಖಾಲಿ ಪಾತ್ರೆ, ಒಂದು ಸಣ್ಣ ಚಿಮಟ ಇಡುತ್ತಿದ್ದೆವು. ಪರಮಪ್ರಸಾದ ಸ್ವೀಕರಿಸುವವರು ಒಳಗೆ ಬರುವಾಗ ತಮ್ಮ ಪಾಲಿನ ಒಂದನ್ನು ಚಿಮಟದಿಂದ ಪಾತ್ರೆಗೆ ಹಾಕುತ್ತಿದ್ದರು. ಕಡಿಮೆಯಾಗುತ್ತಿರಲಿಲ್ಲ, ಹೆಚ್ಚೂ ಆಗುತ್ತಿರಲಿಲ್ಲ. ಪೂಜೆಗೆ ಮೊದಲು ಪಾತ್ರೆಯಲ್ಲಿರುವುದನ್ನು ಎಣಿಸಿ ನಾನು ಪುಸ್ತಕದಲ್ಲಿ ಬರೆಯುತ್ತಿದ್ದೆ.

ಫಾದರ್ ಲಿಯೋ ನಿವೃತ್ತರಾಗಿ ಊರಿಗೆ ಹೋದರು. ಅವರ ಜಾಗಕ್ಕೆ ಫಾದರ್ ವಿನೋದ್ ಬಂದರು. ಚಿಕ್ಕವರು, ಇದೇ ಸೀಮೆಯವರು, ಒಂದು ಕಡೆ ಕೂರುವವರಲ್ಲ. ಅವರ ಕಾಲದಲ್ಲಿ ಎಷ್ಟೊಂದು ಬದಲಾಯಿತು. ಭಾನುವಾರದ ವಾಚನವನ್ನು ಗುರುವಾರವೇ ಸ್ಪಷ್ಟವಾಗಿ ಓದಿ ಮೊಬೈಲಿಗೆ ಕಳಿಸುತ್ತಿದ್ದರು. ಓದುಬರಹ ಬಾರದವರೂ ಕೇಳಿ ಕಂಠಪಾಠ ಮಾಡಿಕೊಂಡು ಬರತೊಡಗಿದರು. ಆಯಿಯ ಸೊಸೆ ರೊಟ್ಟಿ ಬಡಿಯುತ್ತ ಪ್ರವಾದಿಗಳನ್ನು ಕೇಳುತ್ತಿದ್ದಳು. ಆದರೆ ಅದೇ ವರ್ಷ ಸಹಾಯಕ ಗುರುಗಳ ವರ್ಗಾವಣೆಯಾಯಿತು, ಎಂಟು ಊರುಗಳಿಗೆ ಫಾದರ್ ಒಬ್ಬರೇ ಉಳಿದರು. ಯಾವ ಊರಿಗೆ ಎಷ್ಟು ಪೂಜೆ ಎಂದು ಹೊಸದಾಗಿ ಹಂಚಬೇಕಿತ್ತು. ಪ್ರತಿ ಊರಿನ ಮೂರು ವರ್ಷದ ಹಾಜರಿಯನ್ನು ಮೊಬೈಲಿನ ನಮೂನೆಯಲ್ಲಿ ತುಂಬಿ ಕಳಿಸಿ ಎಂದರು.

ಉಳಿದ ಉಪದೇಶಿಗಳು ತಲೆ ಕೆರೆದುಕೊಂಡರು. ನಾನು ಅರ್ಧ ಗಂಟೆಯಲ್ಲಿ ಮುಗಿಸಿದೆ. ನನ್ನ ಪುಸ್ತಕದಲ್ಲಿ ಎಲ್ಲ ಇತ್ತಲ್ಲ. ಬೀಡಿ ಆಚೆಯ ಆ ಊರಿಗೆ ಸರಾಸರಿ ಒಂಬತ್ತು. ಇಷ್ಟು ಅಚ್ಚುಕಟ್ಟಾದ ವರದಿ ನೋಡಿರಲಿಲ್ಲ ಎಂದು ಫಾದರ್ ಎಲ್ಲರೆದುರು ಹೊಗಳಿದರು. ನಾನು ಅಂದು ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಅನಗೋಳ ಬರುವವರೆಗೂ ನಗುತ್ತಿದ್ದೆ.

ಎರಡು ವಾರಕ್ಕೆ ಹೊಸ ಪಟ್ಟಿ ಬಂತು. ಪಾಸ್ಕ ಹಬ್ಬದ, ಅಂದರೆ ಈಸ್ಟರಿನ, ನಂತರ ಆ ಊರಿಗೆ ಬಲಿಪೂಜೆ ಇಲ್ಲ. ಬೇಕಾದವರು ಖಾನಾಪುರಕ್ಕೆ ಬರಬಹುದು. ಅವರ ಎರಡನೇ ಭಾನುವಾರ ಖಾನಾಪುರದ ಕಾಡಿನ ಕಡೆಯ ಇನ್ನೊಂದು ವಸತಿಗೆ ಹೋಯಿತು. ಅದಕ್ಕೆ ಅಲ್ಲಿಯವರೆಗೆ ಮೂರು ತಿಂಗಳಿಗೊಮ್ಮೆ ಮಾತ್ರ ಪೂಜೆ ಇತ್ತು.

ಸುದ್ದಿ ತಿಳಿಸುವುದು ಉಪದೇಶಿಯ ಕೆಲಸ. ಮುಂದಿನ ನಾಲ್ಕನೇ ಭಾನುವಾರ ಒಂದು ಗಂಟೆ ಮೊದಲೇ ಹೋದೆ. ಆಯಿ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದರು. ಎಲ್ಲ ಹೇಳಿದೆ. ಈ ಮೊಣಕಾಲಿನಲ್ಲಿ ಎರಡು ಬಸ್ಸು ಹತ್ತಿ ಇಳಿದು ಅವರು ಖಾನಾಪುರ ಮುಟ್ಟುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಪೂಜೆ ಹೋದರೆ ಅವರ ಪಾಲಿಗೆ ಪೂರ್ತಿ ಹೋದಂತೆ. ಆಯಿ ಅಳಲಿಲ್ಲ. ಯಾಕೆ ತೆಗೆದರು ಎಂದರು. ಮಂದಿ ಕಡಿಮೆ, ಒಂಬತ್ತು ಎಂದೆ.

"ಒಂಬತ್ತ ಮಂದಿ ಯಾರ್ಯಾರ್ರಿ?"

ಆಮೇಲೆ ಬೆರಳು ಮಡಿಸಿ ಮನೆ ಮನೆ ಹೆಸರು ಹೇಳತೊಡಗಿದರು. ಮೂವತ್ತರವರೆಗೆ ಬಂದು, ಕೊನೆಗೆ ತಮ್ಮ ಎದೆ ಮುಟ್ಟಿಕೊಂಡು ಮತ್ತೆ ನಾನು ಎಂದರು. ಅವರ ಬೆರಳು ನೋಡುತ್ತ ನನಗೆ ಹೊಳೆಯಿತು. ನಾನು ಎಣಿಸಿದ್ದು ಪಾತ್ರೆಯೊಳಗಿನ ಓಸ್ತಿಯನ್ನು. ಪರಮಪ್ರಸಾದ ತೆಗೆದುಕೊಳ್ಳದ ಚಿಕ್ಕ ಮಕ್ಕಳು, ಬಾಗಿಲಲ್ಲಿ ನಿಲ್ಲುವವರು, ಇನ್ನಾವುದೋ ಕಾರಣಕ್ಕೆ ಸ್ವೀಕರಿಸದವರು ನನ್ನ ಪುಸ್ತಕದೊಳಗೆ ಬಂದೇ ಇರಲಿಲ್ಲ. ನಮೂನೆಯಲ್ಲಿ ಹಾಜರಿ ಎಂದಿದ್ದ ಕಡೆ ನಾನು ಓಸ್ತಿಯ ಲೆಕ್ಕ ತುಂಬಿದ್ದೆ, ಒಂದು ಗಳಿಗೆಯೂ ಯೋಚಿಸದೆ.

ಆಯಿಗೆ ಒಪ್ಪಿಕೊಂಡೆ. ಅವರು ಒಂದು ಅವರೆಕಾಯಿ ಸುಲಿದು ಮುಗಿಸಿದರು.

"ಹಂಗಂದ್ರ ನಿಮ್ಮ ಪುಸ್ತಕದಾಗ ನಾ ಇಲ್ಲ. ನಾ ಎರಡ ವರ್ಷ ಆತು, ಡಬ್ಬಿಗೆ ಕೈ ಹಚ್ಚಿಲ್ಲ."

ಅದು ನನಗೆ ಗೊತ್ತಿತ್ತು. ಅಷ್ಟು ಚಿಕ್ಕ ಕೋಣೆಯಲ್ಲಿ ಗೊತ್ತಾಗದೆ ಇರುವುದಿಲ್ಲ. ಆದರೆ ಒಬ್ಬರು ಪರಮಪ್ರಸಾದ ಯಾಕೆ ಸ್ವೀಕರಿಸುವುದಿಲ್ಲ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಅದು ಅವರಿಗೂ ದೇವರಿಗೂ ನಡುವಿನ ಮಾತು ಎಂದು ಬಿಟ್ಟುಬಿಡುತ್ತೇವೆ. ಅಂದು ಮಾತ್ರ ಯಾವ ಧೈರ್ಯವೋ, ಕೇಳಿಬಿಟ್ಟೆ.

"ಸಕ್ಕರಿ ಬ್ಯಾನಿ ಬಂತಲ್ರಿ. ಡಾಕ್ಟರು ಗುಳಿಗಿ ಕೊಟ್ಟಾರ, ಮುಂಜಾನಿ ಎಂಟಕ್ಕ ರೊಟ್ಟಿ ತಿಂದ ತಗೋಬೇಕಂತ. ತಿಂದ ಬಾಯಿಲೆ ಪರಮಪ್ರಸಾದ ಹೆಂಗ ತಗೊಳ್ಳೂದು?"

ಅವರ ಬಾಲ್ಯದಲ್ಲಿ ಹಿಂದಿನ ರಾತ್ರಿಯಿಂದ ಉಪವಾಸವಿದ್ದೇ ಸ್ವೀಕರಿಸಬೇಕೆಂದು ಕಲಿಸಿದ್ದರು. ಅದೇ ಉಳಿದುಹೋಗಿತ್ತು. ಈಗ ಒಂದು ಗಂಟೆ ಮೊದಲು ತಿನ್ನದಿದ್ದರೆ ಸಾಕು. ಔಷಧಿಗೆ, ನೀರಿಗೆ ಅಡ್ಡಿಯಿಲ್ಲ. ವಯಸ್ಸಾದವರಿಗೆ, ಕಾಯಿಲೆಯವರಿಗೆ ಆ ಒಂದು ಗಂಟೆಯೂ ಇಲ್ಲ. ನಮ್ಮ ಪೂಜೆ ಹನ್ನೊಂದೂವರೆಗೆ. ಅವರ ರೊಟ್ಟಿ ಎಂಟಕ್ಕೆ. ಎರಡು ವರ್ಷ, ಇಪ್ಪತ್ನಾಲ್ಕು ಪೂಜೆ, ಅವರು ಬಾಗಿಲ ಬಳಿ ಕುಳಿತು ಉಳಿದವರು ಸ್ವೀಕರಿಸುವುದನ್ನು ನೋಡಿದ್ದರು. ನಾನು ಉಪದೇಶಿ. ನನ್ನ ಕೆಲಸವೇ ಇದು.

ಹೇಳಿದೆ. ನಂಬಲಿಲ್ಲ, ತಮ್ಮನ್ನು ಸಮಾಧಾನ ಮಾಡಲು ಹೇಳುತ್ತಿದ್ದೇನೆ ಎಂದರು. ನನ್ನ ತರಬೇತಿಯ ಪಠ್ಯಪುಸ್ತಕ ತೆಗೆದು ಓದಿ ತೋರಿಸಿದೆ, ಎರಡು ಸಲ. ಅವರು ಬಹಳ ಹೊತ್ತು ಅವರೆಕಾಳನ್ನು ಮೊರದಲ್ಲಿ ಆಡಿಸುತ್ತಿದ್ದರು. ಆಮೇಲೆ ನಕ್ಕರು.

"ಅಲಲಲ, ಉಂಡ 'ಉಪಾಸ' ಮಾಡೀನಲ್ರಿ ಎರಡ ವರ್ಷ."

ಸೋಮವಾರ ಬೆಳಿಗ್ಗೆ ಫಾದರ್ ವಿನೋದ್ ಅವರ ಮುಂದೆ ನಿಂತೆ. ವರದಿ ತಪ್ಪು, ಜನರ ಬದಲು ಓಸ್ತಿ ಎಣಿಸಿದ್ದೇನೆ ಎಂದೆ. ಅವರು ಪೆನ್ನು ಕೆಳಗಿಟ್ಟರು. ಧರ್ಮಾಧ್ಯಕ್ಷರಿಗೆ, ಅಂದರೆ ಬಿಷಪ್ಪರಿಗೆ, ಪಟ್ಟಿ ಹೋಗಿಯಾಗಿತ್ತು. ಖರೇ ಎಷ್ಟು ಮಂದಿ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಹತ್ತು ವರ್ಷದ ಕೆಲಸದಲ್ಲಿ ನನ್ನ ಬಾಯಿಂದ ಅದಕ್ಕಿಂತ ಕಷ್ಟದ ಮಾತು ಬಂದಿಲ್ಲ. ಅವರು ಬಯ್ಯಲಿಲ್ಲ. ಮುಂದಿನ ಎರಡನೇ ಭಾನುವಾರ ತಾವೇ ಬಾಗಿಲಲ್ಲಿ ನಿಂತು ಎಣಿಸುವುದಾಗಿ, ಅಲ್ಲಿಯವರೆಗೆ ಯಾರಿಗೂ ಫೋನ್ ಮಾಡಿ ಮಂದಿ ಕೂಡಿಸಬಾರದೆಂದು ಹೇಳಿದರು.

ಆ ಎರಡು ವಾರ ನನ್ನ ಬೆರಳು ಎಷ್ಟು ಸಲ ಫೋನಿನ ಮೇಲೆ ಹೋಯಿತೋ. ಪಾವಲು ಅಕ್ಕಪಕ್ಕದ ಊರಿನ ನೆಂಟರನ್ನೆಲ್ಲ ಕರೆಸುತ್ತೇನೆಂದು ಹೊರಟಿದ್ದನಂತೆ. ಮಂದಿ ತೋರಿಸಿ ದೇವರನ್ನು ಕರೆಸುವುದು ಬೇಡ, ಯಾವಾಗಲೂ ಬರುವವರು ಬರಲಿ ಎಂದು ಆಯಿ ಅವನನ್ನು ಕೂರಿಸಿದರು.

ಎರಡನೇ ಭಾನುವಾರ ಬಂತು. ಫಾದರ್ ನಿಜವಾಗಿಯೂ ಬಾಗಿಲ ಬಾಜು ನಿಂತರು. ಜನ ಒಬ್ಬೊಬ್ಬರಾಗಿ ಬಂದರು. ಆಯಿ ಸೊಸೆಯ ಹೆಗಲು ಹಿಡಿದು ಬಂದು ಸ್ಟೂಲಿನ ಮುಂದೆ ನಿಂತರು. ಚಿಮಟ ಎತ್ತಿಕೊಂಡರು. ಮೊದಲ ಓಸ್ತಿ ಜಾರಿ ಡಬ್ಬಿಯೊಳಗೇ ಬಿತ್ತು. ಹಿಂದೆ ಸಾಲು ನಿಂತಿತ್ತು, ಯಾರೂ ಅವಸರ ಮಾಡಲಿಲ್ಲ. ಎರಡನೆಯದನ್ನು ಎತ್ತಿ, ಉಸಿರು ಹಿಡಿದು, ಪಾತ್ರೆಗೆ ಹಾಕಿದರು. ನಾನು ಎದುರಿನ ಗೋಡೆ ನೋಡುತ್ತ ನಿಂತೆ, ಇಲ್ಲದಿದ್ದರೆ ಅಲ್ಲಿಯೇ ಅತ್ತುಬಿಡುತ್ತಿದ್ದೆ.

ಪೂಜೆ ಮುಗಿದ ಮೇಲೆ ಫಾದರ್ ಎಲ್ಲರನ್ನೂ ಕೂರಿಸಿ ಹೇಳಿದರು: ಪಾತ್ರೆಯಲ್ಲಿ ಹತ್ತು, ಕೋಣೆಯಲ್ಲಿ ಮೂವತ್ತೊಂದು. ವರದಿ ತಪ್ಪಾಗಿತ್ತು, ಪೂಜೆ ಇಲ್ಲಿಯೇ ಉಳಿಯುತ್ತದೆ. ಜನ ಚಪ್ಪಾಳೆ ತಟ್ಟಿದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಚಪ್ಪಾಳೆಯ ನಡುವೆ ಆಯಿ ಕೈ ಎತ್ತಿದರು.

"ಫಾದರ್, ಮತ್ತ ಆ ಕಾಡಿನ ಮಂದಿಗೆ?"

ಅವರಿಗೆ ಮೊದಲಿನಂತೆಯೇ ಮೂರು ತಿಂಗಳಿಗೊಮ್ಮೆ ಎಂದರು ಫಾದರ್. ತಾವು ಒಬ್ಬರು, ತಿಂಗಳಿಗೆ ಇರುವುದು ನಾಲ್ಕು ಭಾನುವಾರ. ಅಲ್ಲಿ ಎಷ್ಟು ಮನೆ ಎಂದು ಆಯಿ ಕೇಳಿದರು. ಹದಿನೈದು. ಬಸ್ಸು? ಇಲ್ಲ, ಮಳೆಗಾಲದಲ್ಲಿ ದಾರಿಯೂ ಇಲ್ಲ.

ನಾನು ಆಯಿಯ ಮುಖ ನೋಡುತ್ತಿದ್ದೆ. ಅವರು ಲೆಕ್ಕ ಹಾಕುತ್ತಿದ್ದಾರೆ ಎಂದು ನನಗೆ ತಿಳಿಯಿತು, ನನಗಲ್ಲದೆ ಇನ್ಯಾರಿಗೆ ತಿಳಿಯಬೇಕು.

"ಹಂಗಾರ ಅವರಿಗೇ ಕೊಡ್ರಿ," ಎಂದರು.

ಪಾವಲು ಎದ್ದು ನಿಂತ. "ಆಯಿ, ನಿನಗೇನ್ ಹುಚ್ಚ ಹಿಡದೈತೇನ? ಎರಡ ವರ್ಷ ಆದಮ್ಯಾಲ ಇವತ್ತ ಬಾಯಿಗೆ ಸಿಕ್ಕೈತಿ. ಖಾನಾಪುರಕ್ಕ ನೀ ಹೋಗಾಕಿ ಅಲ್ಲ."

"ನಾ ಹೋಗೂದಿಲ್ಲ ಖರೇ. ನೀ ಹೋಗ್ತಿ, ನಿನ್ನ ಹೆಂಡ್ತಿ ಹೋಗ್ತಾಳ, ಬಾಕಿ ಎಲ್ಲಾರೂ ಹೋಗ್ತಾರ. ನಮಗ ಎರಡ ಬಸ್ ಅದಾವ, ಅವರಿಗೆ ಒಂದೂ ಇಲ್ಲ. ಇಲ್ಲಿ ನಿಲ್ಲಾಕಿ ನಾ ಒಬ್ಬಾಕಿ. ನಾ ಒಬ್ಬಾಕಿ ಸಲುವಾಗಿ ಹದಿನೈದ ಮನಿ ಉಪಾಸ ಕುಂದರಬೇಕೇನ?"

ನಿನಗೆ ಏನು ಉಳಿಯಿತು ಎಂದು ಪಾವಲು ಕೇಳಿದ. ನನಗೆ ಏನು ಮಾಡಬೇಕೋ ಅದು ದೇವರ ಚಿಂತೆ, ನನ್ನದಲ್ಲ ಎಂದರು ಆಯಿ. ಈರಣ್ಣ ಕಾಕಾ ಬಾಗಿಲಿನಿಂದ, ಗುರುಗಳು ಬರಲಿ ಬಿಡಲಿ, ಕೋಣೆ ಮಾತ್ರ ಎರಡನೇ ಭಾನುವಾರ ಖಾಲಿ ಇರುತ್ತದೆ ಎಂದು ಸ್ಪಷ್ಟವಾಗಿ ಹೇಳಿದರು.

ನಾನು ಸಿಟ್ಟಾದೆ. ಅದನ್ನೂ ಬರೆದಿಟ್ಟಿದ್ದೇನೆ. ನನ್ನ ತಪ್ಪು ತೊಳೆದುಹೋಗಿ ಐದು ನಿಮಿಷ ಆಗಿರಲಿಲ್ಲ, ಅಷ್ಟರಲ್ಲಿ ಆಯಿ ಎಲ್ಲವನ್ನೂ ಎತ್ತಿ ಬೇರೆಯವರ ಕೈಗೆ ಕೊಟ್ಟಿದ್ದರು. ಫಾದರ್ ಹಣೆ ಒರೆಸಿಕೊಂಡರು. ಹೊರಟು ಗಾಡಿಯ ಹತ್ತಿರ ಹೋದವರು ತಿರುಗಿ ಬಂದು ಆಯಿಯ ಮುಂದೆ ಬಗ್ಗಿ, ತಮ್ಮ ತಲೆ ಮುಟ್ಟಿ ಆಶೀರ್ವಾದ ಮಾಡಬೇಕೆಂದು ಕೇಳಿದರು.

ಇದಾದ ಹತ್ತು ದಿನಕ್ಕೆ ಅವರು ನನ್ನನ್ನು ಕರೆದು, ಎರಡನೇ ಭಾನುವಾರ ಕಾಡಿನ ವಸತಿಗೇ ಎಂದು ತಿಳಿಸಿ, ಒಂದು ಕಾಗದ ಕೊಟ್ಟರು. ಕಾಯಿಲೆಯವರಿಗೆ, ಚರ್ಚಿಗೆ ಬರಲಾಗದವರಿಗೆ ಪರಮಪ್ರಸಾದವನ್ನು ಒಯ್ದು ಕೊಡಲು ಗುರುಗಳಲ್ಲದವರಿಗೂ ಧರ್ಮಾಧ್ಯಕ್ಷರು ಅನುಮತಿ ಕೊಡುವುದುಂಟು. ಕಾಗದದಲ್ಲಿ ನನ್ನ ಹೆಸರಿತ್ತು. ಓದಿ ಮುಗಿಸುವಷ್ಟರಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ.

ಪೂಜೆಯಿಲ್ಲದ ಆ ಮೊದಲ ಎರಡನೇ ಭಾನುವಾರ, ಖಾನಾಪುರದ ಬೆಳಗಿನ ಪೂಜೆಯ ನಂತರ ಫಾದರ್ ಮುಚ್ಚಳವಿರುವ ಚಿಕ್ಕ ಪಾತ್ರೆಯಲ್ಲಿ ಪರಮಪ್ರಸಾದವನ್ನಿಟ್ಟು ನನ್ನ ಕೊರಳಿಗೆ ಹಾಕಿದರು. ತಾವು ಕಾಡಿನ ಕಡೆ ಹೊರಟರು. ಪರಮಪ್ರಸಾದ ಒಯ್ಯುವಾಗ ದಾರಿಯಲ್ಲಿ ಹರಟೆ ಹೊಡೆಯಬಾರದು. ಬಸ್ಸಿನಲ್ಲಿ ಕಂಡಕ್ಟರನಿಗೆ ಒಂದು ಬೆರಳು ತೋರಿಸಿದೆ, ಬೀಡಿಯ ಹೆಸರಿಗೆ ಮುಂದಕ್ಕೆ ಕೈ ತೋರಿಸಿದೆ. ಇವತ್ತು ಮೌನವೇನ್ರಿ ಎಂದ. ತಲೆ ಆಡಿಸಿದೆ. ಪರಿಚಯದ ಹೆಂಗಸೊಬ್ಬರು ನನಗೆ ಹಲ್ಲುನೋವು ಎಂದು ತಿಳಿದು ಲವಂಗ ಕೊಟ್ಟರು. ತೆಗೆದುಕೊಂಡು ಕೈ ಮುಗಿದೆ. ಒಳಗೆ ನನಗೆ ಹಾಡಬೇಕೆನಿಸುತ್ತಿತ್ತು.

ಕೋಣೆ ಗುಡಿಸಿ, ಮೇಜಿಗೆ ಬಿಳಿ ಬಟ್ಟೆ ಹಾಸಿ, ಮೇಣದ ಬತ್ತಿ ಹಚ್ಚಿ ಇಟ್ಟಿದ್ದರು. ಪಾತ್ರೆಯನ್ನು ಅದರ ಮೇಲಿಟ್ಟೆ. ಇಪ್ಪತ್ತಾರು ಮಂದಿ. ವಾಚನ ಮೂರು ಸಲ ಆಯಿತು, ಮಾತು ಆಯಿತು, ಪ್ರಾರ್ಥನೆ ಆಯಿತು. ಪರಮಪ್ರಸಾದದ ಹೊತ್ತು ಬಂತು. ನಾನು ಪಾತ್ರೆಯತ್ತ ತಿರುಗುವಷ್ಟರಲ್ಲಿ ಆಯಿ ತಡೆದರು. ಅಲ್ಲಿ ಕಾಡಿನೊಳಗೆ ಪೂಜೆ ಆಯಿತೇ ಎಂದು ಮೊದಲು ಕೇಳಬೇಕಂತೆ.

ಫೋನ್ ಹಚ್ಚಿದೆ. ಸಿಗಲಿಲ್ಲ, ಅಲ್ಲಿ ನೆಟ್‌ವರ್ಕ್ ಇಲ್ಲ. ಸ್ವಲ್ಪ ತಡೆದು ಮತ್ತೆ ಹಚ್ಚಿದೆ. ಸಿಗಲಿಲ್ಲ. ಪಾವಲು ಆಯಿ ಕೇಳುವಂತೆ ನಿಟ್ಟುಸಿರು ಬಿಟ್ಟು, ಆಮೇಲೆ ತಾನೇ ಒಂದು ಹಾಡು ಎತ್ತಿದ. ಇಡೀ ಹಾಡು ಹಾಡಿದೆವು, ಇನ್ನೊಂದೂ ಹಾಡಿದೆವು. ಯಾರೂ ಎದ್ದುಹೋಗಲಿಲ್ಲ. ಮೂರನೇ ಹಾಡಿನ ನಡುವೆ ಫಾದರ್ ಅವರೇ ಫೋನ್ ಮಾಡಿದರು, ಡಾಂಬರು ರಸ್ತೆಗೆ ಬಂದು ಮುಟ್ಟಿದ್ದರು. ಎಲ್ಲರಿಗೂ ಕೇಳುವಂತೆ ಫೋನಿನ ದನಿ ದೊಡ್ಡದು ಮಾಡಿದೆ.

"ಅಕ್ಕಾರ, ಅಂಗಳಾನೂ ತುಂಬಿತ್ತು. ಒಯ್ದ ಓಸ್ತಿ ಸಾಲಲಿಲ್ಲ, ಮುರದ ಮುರದ ಕೊಟ್ಟೆ."

"ಎಲ್ಲಾರಿಗೂ ಸಿಕ್ತನ್ರಿ ಫಾದರ್?" ಆಯಿ ಕುಳಿತಲ್ಲಿಂದಲೇ ಕೇಳಿದರು.

"ಎಲ್ಲಾರಿಗೂ ಸಿಕ್ತು ಆಯಿ."

ಆಯಿ ಗೋಡೆ ಹಿಡಿದು ಎದ್ದರು. ಸೊಸೆ ಕೈ ಕೊಡಲು ಹೋದರೆ ಬೇಡವೆಂದರು. ಸೆರಗು ತಲೆಯ ಮೇಲೆ ಎಳೆದುಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಮೇಜಿನವರೆಗೆ ಬಂದು ನಿಂತರು.

"ಹಂಗಾರ ಈಗ ನನಗ ಕೊಡ್ರಿ," ಎಂದರು.